ಡಬ್ಬಗಳಲ್ಲಿ ಹಂಚಿಹೋದ ತಮ್ಮ

ಇದು ನಡೆದದ್ದೇ. ಸುಳ್ಳಾದರೆ ಈ ಬಾಣಲೆಯಲ್ಲಿ ಬೇಯುತ್ತಿರುವ ಬಾಲಾಬಾಲಾ ಬಜ್ಜಿ ಎಲ್ಲ ಕಲ್ಲಾಗಲಿ, ಕಚ್ಚಿದವರ ಹಲ್ಲು ಉದುರಲಿ, ಉದುರಿದ ಹಲ್ಲಿನ ಪಾಪ ನನ್ನ ತಲೆಗೇ ಬರಲಿ. ತಗೊಳ್ಳಿ, ಒಂದು ಕಚ್ಚಿ ನೋಡಿ. ಎಲೆಕೋಸು, ಕ್ಯಾರೆಟ್ಟು, ಮೇಲೆ ಗರಿ, ಒಳಗೆ ಮೆತ್ತಗೆ. ಹಲ್ಲು ಉಳಿದಿದೆಯಲ್ಲ? ಅಂದಮೇಲೆ ಈ ಗಾಡಿಯ ಮಾಂಗ್ ಓಯೋ, ಅಂದರೆ ನಾನು, ಹೇಳುವುದರಲ್ಲಿ ಸುಳ್ಳಿಲ್ಲ. ನಿಮ್ಮ ವ್ಯಾನು ಸೀಟು ತುಂಬದೆ ಹೊರಡುವುದಿಲ್ಲ. ಸೀಟು ತುಂಬುವಷ್ಟು ಜನ ಈ ಬೆಟ್ಟದೂರಿನಲ್ಲಿ ಇಷ್ಟು ಬೇಗ ಮನೆ ಬಿಟ್ಟು ಬರುವುದೂ ಇಲ್ಲ. ಕೂತು ಕೇಳಿ.

ಆ ನೀಲಿ ಗೇಟಿನ ಒಳಗೆ ಕಾಣುತ್ತದಲ್ಲ, ಅದೇ ಶಾಲೆ. ಅಲ್ಲಿನ ಉಪಮುಖ್ಯ ಶಿಕ್ಷಕಿ ಬೂ ಇಮಾಸ್. ನಮ್ಮಲ್ಲಿ ಬೂ ಅಂದರೆ ಅಮ್ಮಾವ್ರು, ಪಾ ಅಂದರೆ ಸಾಹೇಬರು, ನನ್ನಂಥ ಗಾಡಿಯವನು ಮಾಂಗ್. ಪಾಠ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮೇಲಿನ ಕಚೇರಿಯಿಂದ ಇಳಿದು ಬರುವ ಕಾರ್ಯಕ್ರಮಗಳೆಲ್ಲ ಬಂದು ಕೂರುವುದು ಬೂ ಇಮಾಸ್ ಅವರ ಹೆಗಲ ಮೇಲೆ. ಶುಕ್ರವಾರದ ಸ್ವಚ್ಛತೆ, ಓದುವ ಮೂಲೆ, ಆರೋಗ್ಯ ತಿಂಡಿ, ಸೊಳ್ಳೆಮರಿ ಹುಡುಕುವ ತಂಡ. ಒಂದೊಂದಕ್ಕೂ ಒಂದು ಸಮಿತಿ, ಸಮಿತಿಗೊಂದು ಬ್ಯಾನರು, ಬ್ಯಾನರಿನ ಮುಂದೆ ಹೆಬ್ಬೆರಳು ಎತ್ತಿ ನಿಂತ ಫೋಟೋ. ಆರೋಗ್ಯ ತಿಂಡಿ ಕಾರ್ಯಕ್ರಮದಲ್ಲಿ ನನ್ನ ಗಾಡಿಗೂ ಒಂದು ಪ್ರಮಾಣಪತ್ರ ಬಂತು. ಗಾಜು ಹಾಕಿಸಿ ನೇತುಹಾಕಿದೆ. ಅಂದಿನಿಂದ ನೊಣಗಳು ಬಂದು ಮೊದಲು ಅದನ್ನು ಓದುತ್ತವೆ, ಆಮೇಲೆ ನಾಚಿಕೊಂಡು ಎದುರಿನ ಸೂಪಿನ ಗಾಡಿಗೆ ಹೋಗುತ್ತವೆ. ನನಗೆ ಓದು ಅಷ್ಟಕ್ಕಷ್ಟೆ. ಆ ವಿಷಯದಲ್ಲಿ ನೊಣಗಳೇ ವಾಸಿ.

ಬೂ ಇಮಾಸ್ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಡುವೆ ನೀವು ಅವರ ಮೇಲೆ ಕೋಪ ಮಾಡಿಕೊಂಡು ಎದ್ದು ಹೋಗಬಾರದು.

ಆ ವರ್ಷ ಹಸಿರು ಶಾಲೆ ಎನ್ನುವ ಕಾರ್ಯಕ್ರಮ ಬಂತು. ಮಕ್ಕಳೇ ನೆಟ್ಟು, ವರ್ಷವಿಡೀ ಮಕ್ಕಳೇ ನೀರು ಹಾಕಿ ಬೆಳೆಸಿದ ಗಿಡಗಳಿರಬೇಕು. ತೀರ್ಪುಗಾರರು ಬಂದು ನೋಡುತ್ತಾರೆ. ಗೆದ್ದರೆ ಹಿತ್ತಾಳೆಯ ಫಲಕ. ಫಲಕ ಬಂದರೆ, ಮುಖ್ಯ ಶಿಕ್ಷಕ ಪಾ ಅಸಿಕಿನ್ ನಿವೃತ್ತರಾದ ಮೇಲೆ ಅವರ ಕುರ್ಚಿ ಬೂ ಇಮಾಸ್ ಅವರದೇ ಎಂದು ಊರಿಗೆಲ್ಲ ಗೊತ್ತಿತ್ತು. ಬೂ ಇಮಾಸ್ ನೇರವಾಗಿಯೇ ಶುರು ಮಾಡಿದರು. ಶಾಲೆಯ ಹಿಂದೆ ಪಾತಿ ಮಾಡಿಸಿದರು, ಮಕ್ಕಳ ಕೈಯಿಂದ ಬೀಜ ಹಾಕಿಸಿದರು, ದಿನಾ ಹೋಗಿ ಮೊಳಕೆಗಳ ಜೊತೆ ಮಾತಾಡಿ ಬರುತ್ತಿದ್ದರು. ಗಿಡಗಳು ಮೊಣಕಾಲೆತ್ತರ ಬಂದವು. ತೀರ್ಪುಗಾರರು ಬರುವ ವಾರ ಬಂತು. ಆಗ ಪಾ ಅಸಿಕಿನ್ ಅವರ ಟಗರು ಹಗ್ಗ ಕಿತ್ತುಕೊಂಡಿತು.

ಅದರ ಹೆಸರು ಸಿ ಗುಂತುರ್, ನಮ್ಮ ಮಾತಿನಲ್ಲಿ ಗುಡುಗು. ಕಾಳಗದ ಟಗರು. ಅದು ಡಿಕ್ಕಿ ಹೊಡೆದರೆ ಎದುರಿನ ಟಗರು ಬೀಳುವುದು ಹಾಗಿರಲಿ, ಆಚೆ ಬೆಟ್ಟದ ಟೀ ತೋಟದಲ್ಲಿ ಚಿಗುರು ಉದುರುತ್ತಿತ್ತು, ಕೊಯ್ಯುವವರಿಗೆ ಕೆಲಸವೇ ಇರುತ್ತಿರಲಿಲ್ಲ. ಅಂಥ ಟಗರು ಇಡೀ ಹಸಿರು ಕಾರ್ಯಕ್ರಮವನ್ನು ಒಂದೇ ಬೆಳಗ್ಗೆ ತಿಂದು ಮುಗಿಸಿತು. ಗಿಡ, ಹೆಸರು ಬರೆದ ಬಿದಿರಿನ ಕಡ್ಡಿ, ಗೊಬ್ಬರ ಸಮಿತಿಯ ಬ್ಯಾನರಿನಲ್ಲಿ ಅರ್ಧ. ಉಳಿದ ಅರ್ಧದಲ್ಲಿ ಇದ್ದದ್ದು ಪಾ ಅಸಿಕಿನ್ ಅವರ ಮುಖ. ಯಜಮಾನನ ಮುಖ ನೋಡಿ ಬಿಟ್ಟಿತ್ತು, ಅದಕ್ಕೂ ಮರ್ಯಾದೆ ಇದೆ.

“ಕುರಿಗೇನು ಗೊತ್ತಾಗುತ್ತೆ ಹೇಳಿ ಬೂ,” ಎಂದರು ಪಾ ಅಸಿಕಿನ್, ಖಾಲಿ ಪಾತಿಯ ಅಂಚಿನಲ್ಲಿ ನಿಂತು. “ಹಸಿರು ಕಂಡ್ರೆ ಬಾಯಿ ಹಾಕುತ್ತೆ.”

“ಪಾ, ತೀರ್ಪುಗಾರರು ಈ ವಾರಾನೇ ಬರ್ತಾರೆ.”

“ಬರ್ಲಿ ಬಿಡಿ. ನೀವು ಏನಾದ್ರೂ ಮಾಡೇ ಮಾಡ್ತೀರ. ಯಾವತ್ತು ಮಾಡಿಲ್ಲ ನೀವು?”

ಅಷ್ಟು ಹೇಳಿ ಅವರು ಟಗರಿನ ಹೊಟ್ಟೆ ಮುಟ್ಟಿ ನೋಡಲು ಹೋದರು, ಅಜೀರ್ಣ ಆಗಿದೆಯೋ ಏನೋ ಎಂದು. ಮುಖ್ಯ ಶಿಕ್ಷಕರ ಟಗರು ತಿಂದಿತು ಎಂದು ವರದಿ ಬರೆಯುವ ಗಂಡೆದೆ ಯಾವ ಉಪಮುಖ್ಯ ಶಿಕ್ಷಕಿಗಿದೆ ಹೇಳಿ. ಬೂ ಇಮಾಸ್ ನನ್ನ ಗಾಡಿಯ ಹತ್ತಿರ ಬಂದರು.

“ಮಾಂಗ್, ಬಾಣಲೆ ಕೆಳಗಿಡಿ. ಗಾಡಿ ಬೇಕು.”

“ಬಾಣಲೆ ಇಲ್ದಿದ್ರೆ ಅದು ಗಾಡಿ ಅಲ್ಲ ಬೂ, ತೊಟ್ಟಿಲು.”

“ತೊಟ್ಟಿಲೇ ಬೇಕು. ಊರಿನ ಕುಂಡಗಳನ್ನೆಲ್ಲ ಎರಡು ದಿನಕ್ಕೆ ಕೇಳಿ ತರೋಣ.”

ಊರು ಕೊಟ್ಟಿತು. ನಮ್ಮ ಊರಿನಲ್ಲಿ ಟೀಚರು ಕೇಳಿದರೆ ಜನ ಕುಂಡ ಏನು, ಕುಂಡದ ಜೊತೆ ಜಗುಲಿಯನ್ನೂ ಕಿತ್ತು ಕೊಡುತ್ತಾರೆ. ಶುಂಠಿ, ಲಿಂಬೆಹುಲ್ಲು, ಮಲ್ಲಿಗೆ, ಮೆಣಸಿನ ಗಿಡ. ಗಾಡಿ ಎಳೆದೂ ಎಳೆದೂ ನನ್ನ ತೋಳು ಎಷ್ಟು ಉದ್ದವಾದವೆಂದರೆ ಆ ವಾರ ನಾನು ಬಗ್ಗದೆಯೇ ಚಪ್ಪಲಿ ತೆಗೆಯುತ್ತಿದ್ದೆ. ಎಲ್ಲ ಬಂತು, ಒಂದು ಮಾತ್ರ ಬರಲಿಲ್ಲ. ಔಷಧಿ ಗಿಡಗಳ ಸಾಲಿನಲ್ಲಿ ಹಂದೆಲುಮ್ ಇರಲೇಬೇಕು ಎಂದು ಮೇಲಿನವರ ಕಡೆಯಿಂದ ಮಾತು ಬಂದಿತ್ತು. ನೇರಳೆ ಎಲೆಯ ಗಿಡ, ಮೂಲವ್ಯಾಧಿಗೆ ಒಳ್ಳೆಯದು. ಕೂತೇ ಕೆಲಸ ಮಾಡುವ ಕಚೇರಿಯವರಿಗೆ ಆ ಗಿಡದ ಮೇಲೆ ಯಾಕೆ ಅಷ್ಟು ಪ್ರೀತಿ ಎಂದು ನಾನು ಕೇಳಲಿಲ್ಲ. ಅದು ಕೊನೆಗೆ ಸಿಕ್ಕಿದ್ದು ರೆಸ್ತಿಯ ಮನೆ ಮುಂದೆ.

ರೆಸ್ತಿ ಬೂ ಇಮಾಸ್ ಅವರ ಹಳೆಯ ವಿದ್ಯಾರ್ಥಿನಿ. ಈಗ ದಾದನ್‌ನ ಹೆಂಡತಿ, ಹೊಸ ಬಾಣಂತಿ. ಗಂಡು ಮಗು, ಹೆಸರು ಗಿಲಂಗ್. ಇರುವುದು ಸಾಲು ಬಾಡಿಗೆ ಮನೆಯಲ್ಲಿ. ಮನೆ ಮುಂದೆ ಒಂದು ಹಿಡಿ ಮಣ್ಣಿಲ್ಲ, ಗೋಡೆಯಿಂದ ರಸ್ತೆಯ ತನಕ ಸಿಮೆಂಟು. ನಮ್ಮಲ್ಲಿ ಮಗುವಿನ ಹಿಂದೆ ಬರುವ ಮಾಸು ಅಂದರೆ ಮಗುವಿನ ತಮ್ಮ. ತೊಳೆದು, ಉಪ್ಪು ಹುಣಸೆ ಹಾಕಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಮನೆಯ ಮುಂದೆ ಮಣ್ಣಿಗೆ ಕೊಡುತ್ತೇವೆ, ಮೇಲೆ ದೀಪ ಇಡುತ್ತೇವೆ. ತಮ್ಮ ಹತ್ತಿರವಿದ್ದರೆ ಅಣ್ಣ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ. ಸಿಮೆಂಟಿನಲ್ಲಿ ಎಲ್ಲಿ ಹೂಳುವುದು? ದಾದನ್ ಒಂದು ದೊಡ್ಡ ಮಣ್ಣಿನ ಕುಂಡ ತಂದು, ಅದರಲ್ಲಿ ತಮ್ಮನನ್ನಿಟ್ಟು ಮಣ್ಣು ತುಂಬಿ, ಮೇಲೆ ಹಂದೆಲುಮ್ ನೆಟ್ಟಿದ್ದ. ಪಕ್ಕದಲ್ಲಿ ಬುಟ್ಟಿ ಬೋರಲು ಹಾಕಿ, ಅದರೊಳಗೆ ಚಿಕ್ಕ ಬಲ್ಬು ಇಟ್ಟಿದ್ದ.

ಬೂ ಇಮಾಸ್ ಬುಟ್ಟಿ ನೋಡಿದರು. ಬಲ್ಬು ನೋಡಿದರು. ಅವರಿಗೆ ಗೊತ್ತಾಗದೆ ಇರುತ್ತದೆಯೇ, ಅವರೂ ಇಲ್ಲೇ ಹುಟ್ಟಿದವರು.

“ಬೂ, ಅದು ಅದೇ,” ಎಂದೆ.

“ಗೊತ್ತು ಮಾಂಗ್.”

“ಬೇರೆ ಕಡೆ ನೋಡೋಣ.”

“ಎಲ್ಲ ಕಡೆ ನೋಡಾಯ್ತಲ್ಲ. ಎರಡೇ ದಿನ. ಕುಂಡ ಅಲುಗಾಡ್ದಂಗೆ ತಂದಿಡ್ತೀನಿ.” ಹೀಗೆ ಹೇಳಿ, ಬಾಗಿಲ ಪರದೆಯ ಕಡೆ ತಿರುಗಿ ಕೂಗಿದರು. “ರೆಸ್ತಿ, ನಾನಮ್ಮ, ಬೂ ಇಮಾಸ್. ಶಾಲೆಗೆ ಈ ಗಿಡ ಒಯ್ಯಲಾ?”

ಆ ಹುಡುಗಿಗೆ ಕೈ ಹಿಡಿದು ಅಕ್ಷರ ಬರೆಸಿದ್ದು ಇದೇ ಬೂ ಇಮಾಸ್. ಇಲ್ಲ ಎನ್ನುವ ಮಾತನ್ನು ಅವರಿಗೆ ಹೇಳುವುದು ಹೇಗೆ ಎಂದು ಅವರು ಕಲಿಸಿರಲಿಲ್ಲ.

“ನೀವು ಕೇಳಿದ್ರೆ ಬೇಡ ಅಂತೀನಾ ಬೂ. ಒಯ್ಯಿರಿ.” ಆಮೇಲೆ ಮೆಲ್ಲಗೆ, “ಹುಷಾರು, ಬೂ.”

ಎತ್ತಿ ಗಾಡಿಯಲ್ಲಿಟ್ಟೆವು. ಗಾಡಿ ತಿರುವು ದಾಟುವ ಮೊದಲೇ ಹಿಂದೆ ಮಗುವಿನ ಅಳು ಶುರುವಾಯಿತು.

ಈಗ ತಪ್ಪು ಎಲ್ಲಾಯಿತು ಕೇಳಿ. ಬಿಸಾಡಿದ ವಸ್ತು ಮತ್ತೆ ಬಳಸಿದರೆ ತೀರ್ಪುಗಾರರು ಮೆಚ್ಚುತ್ತಾರೆ ಎಂದು ಬೂ ಇಮಾಸ್ ಹಿಂದಿನ ದಿನವೇ ಎಲ್ಲ ಸಮಿತಿಗಳಿಗೂ ಆಜ್ಞೆ ಕೊಟ್ಟಿದ್ದರು: ಖಾಲಿ ಪೇಂಟ್ ಡಬ್ಬಗಳಿಗೆ ಹಸಿರು ಬಣ್ಣ ಬಳಿಯಿರಿ, ಬಂದ ಗಿಡ ಬಂದ ಹಾಗೆ ಡಬ್ಬಕ್ಕೆ ಹಾಕಿ. ಎಲ್ಲ ಒಂದೇ ಥರ ಕಾಣಬೇಕು. ಒಂದು ಕುಂಡವನ್ನು ಮುಟ್ಟಬೇಡಿ ಎಂದು ಹೇಳುವುದು ಉಳಿದುಹೋಯಿತು. ಅವರು ಬ್ಯಾನರು ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಸಮಿತಿಗಳು ಹೇಳಿದ ಕೆಲಸ ಹೇಳಿದ ಹಾಗೇ ಮಾಡಿದ್ದವು. ಅದೇ ಅಪರೂಪ, ಬೇರೆ ದಿನಗಳಲ್ಲಿ ಸಮಿತಿಗಳು ಫೋಟೋಗೆ ಮಾತ್ರ ಕೆಲಸ ಮಾಡುತ್ತವೆ. ವಾಲಿಬಾಲ್ ಅಂಗಳದಲ್ಲಿ ಊರಿನ ಕುಂಡಗಳನ್ನೆಲ್ಲ ಬೋರಲು ಹಾಕಿ, ಮಣ್ಣನ್ನೆಲ್ಲ ಒಂದೇ ಗುಡ್ಡೆ ಮಾಡಿ, ಗೊಬ್ಬರ ಸೇರಿಸಿ, ಸಲಿಕೆಯಲ್ಲಿ ಕಲಸಿ, ಡಬ್ಬಗಳಿಗೆ ತುಂಬಿದ್ದರು.

ಬೂ ಇಮಾಸ್ ಗುಡ್ಡೆ ಇದ್ದ ಜಾಗದಲ್ಲಿ ನಿಂತರು. ದಾದನ್‌ನ ಕುಂಡದ ಚೂರುಗಳು ಗೋಡೆಯ ಬದಿಯಲ್ಲಿದ್ದವು. ಬಿಳಿ ಬಟ್ಟೆಯ ಒಂದು ನೂಲೂ ಕಾಣಲಿಲ್ಲ, ಮಣ್ಣು ಮಣ್ಣಾಗಿ ಹೋಗಿತ್ತು. ಸುತ್ತ ಹಸಿರು ಡಬ್ಬಗಳು, ಒಂದರ ಹಾಗೇ ಇನ್ನೊಂದು.

“ಚೆನ್ನಾಗಿ ಆಗಿದ್ಯಾ ಬೂ?” ಎಂದು ಬಣ್ಣದ ಸಮಿತಿಯ ಹುಡುಗಿಯರು ಕೇಳಿದರು.

“ತುಂಬಾ ಚೆನ್ನಾಗಿ ಆಗಿದೆ,” ಎಂದರು ಬೂ ಇಮಾಸ್. ಬೇರೆ ಏನು ಹೇಳಿಯಾರು, ಹೇಳಿದ್ದನ್ನೇ ಮಾಡಿದ್ದರಲ್ಲ.

ತೀರ್ಪುಗಾರರು ಬಂದರು. ಆ ದಿನ ಶಾಲೆಯೊಳಗೆ ಎಷ್ಟು ಹಸಿರು ಇತ್ತೆಂದರೆ ಗಣಿತದ ಮೇಷ್ಟ್ರು ಶಿಕ್ಷಕರ ಕೋಣೆಯಿಂದ ತರಗತಿಗೆ ಹೊರಟವರು ದಾರಿ ತಪ್ಪಿ ಮಧ್ಯಾಹ್ನ ಊಟದ ಹೊತ್ತಿಗೆ ಗಡ್ಡ ಬಿಟ್ಟುಕೊಂಡು ಸಿಕ್ಕರು. ಮೆಣಸಿನ ಗಿಡಗಳ ಹಿಂದೆ ಯಾರದೋ ಕೋಳಿ ಕಾವು ಕೂತು ಮರಿ ಮಾಡಿತು. ತೀರ್ಪುಗಾರರಲ್ಲಿ ಒಬ್ಬರನ್ನು ಗಂಟೆ ಬಾರಿಸಿ ಬಾರಿಸಿ ಹೊರಗೆ ಕರೆದುಕೊಂಡೆವು. ಅವರು ಹಂದೆಲುಮ್ ಎದುರು ನಿಂತು, ತಲೆದೂಗಿ, ಎರಡು ಎಲೆ ಕಿತ್ತು ಜೇಬಿಗಿಟ್ಟುಕೊಂಡರು. ಫಲಕ ಬಂತು. ಪಾ ಅಸಿಕಿನ್ ಅದನ್ನು ತಮ್ಮ ಕೋಣೆಯ ಬಾಗಿಲ ಮೇಲೆ ಮೊಳೆ ಹೊಡೆಸಿದರು.

ಮಗು ಅಳುತ್ತಲೇ ಇತ್ತು.

ಇದೇನು ಸಾಧಾರಣ ಅಳುವಲ್ಲ. ಸಾಲು ಮನೆಯಿಂದ ಹೊರಟ ಅಳು ಬೆಟ್ಟಕ್ಕೆ ಬಡಿದು ಎರಡಾಗಿ ವಾಪಸು ಬರುತ್ತಿತ್ತು. ಕೊಳದ ಮೀನುಗಳು ತಲೆ ಮಾತ್ರ ಕೆಸರಿನೊಳಗೆ ಹುದುಗಿಸಿ ಬಾಲ ಮೇಲೆ ಮಾಡಿ ನಿಂತಿದ್ದವು, ಕಿವಿ ಮುಚ್ಚಿಕೊಳ್ಳಲು ಅವಕ್ಕೆ ಕೈ ಎಲ್ಲಿದೆ. ಹುಂಜಗಳು ಬೆಳಗ್ಗೆ ಕೂಗುವುದನ್ನು ಬಿಟ್ಟುಬಿಟ್ಟವು, ಯಾರಾದರೂ ಕೇಳಿಸಿಕೊಂಡರೆ ತಾನೇ. ಶಾಲೆಯ ಗಂಟೆ ಕೇಳದೆ ಮಕ್ಕಳು ಅಳು ಜೋರಾದರೆ ಒಳಗೆ, ಮೆತ್ತಗಾದರೆ ಆಟಕ್ಕೆ ಎಂದು ಅಭ್ಯಾಸ ಮಾಡಿಕೊಂಡರು.

ಊರವರು ಕುಂಡ ಕೇಳಲು ಬಂದರು. ಕೊಡುವ ಹಾಗಿರಲಿಲ್ಲ. ಗೆದ್ದ ಶಾಲೆಯನ್ನು ನೋಡಿ ಕಲಿಯಲು ಬೇರೆ ಊರುಗಳ ಮುಖ್ಯ ಶಿಕ್ಷಕರು ಬರುತ್ತಾರೆ, ಅವರಿಗೊಂದು ಸಮಾರಂಭ ಆಗಬೇಕು, ತೀರ್ಪುಗಾರರೂ ಹೇಳದೆ ಕೇಳದೆ ಬರಬಹುದು. ಮುಂದಿನ ವಾರ, ಮುಂದಿನ ವಾರ ಎಂದು ಬೂ ಇಮಾಸ್ ಹೇಳುತ್ತ ಹೋದರು. ರೆಸ್ತಿಗೆ ಮಾತ್ರ ಹಂದೆಲುಮ್ ಗಿಡವನ್ನು ಅದರ ಹಸಿರು ಡಬ್ಬದ ಸಮೇತ ತಾವೇ ಹೊತ್ತುಕೊಂಡು ಹೋಗಿ ಕೊಟ್ಟರು. ನಾನೂ ಹೋಗಿದ್ದೆ.

ಪರದೆ ಸರಿಸಿ ರೆಸ್ತಿ ಹೊರಗೆ ಬಂದಳು, ಮಗು ಹೆಗಲ ಮೇಲೆ. ಕಣ್ಣ ಕೆಳಗೆ ಕಪ್ಪು.

“ನೀವೇ ತಂದ್ರಾ ಬೂ. ಯಾರನ್ನಾದ್ರೂ ಕಳ್ಸಿದ್ರೆ ಆಗ್ತಿತ್ತಲ್ಲ.” ಡಬ್ಬ ನೋಡಿದಳು. “ಕುಂಡ?”

“ಒಡೆದು ಹೋಯ್ತಮ್ಮ.”

“ಹೋಗ್ಲಿ ಬಿಡಿ, ಬಣ್ಣ ಬೇರೆ ಹೊಡ್ಸಿದೀರ, ಚೆಂದ ಕಾಣ್ತಿದೆ. ಮಣ್ಣು ಅದೇ ತಾನೆ?”

ಬೂ ಇಮಾಸ್ ಬಾಯಿ ತೆರೆದರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ. “ಹೂಂ,” ಎಂದರು.

“ನೋಡೋ ಗಿಲಂಗ್, ತಮ್ಮ ಬಂದ,” ಎಂದು ರೆಸ್ತಿ ಮಗುವನ್ನು ಡಬ್ಬದ ಹತ್ತಿರ ಬಗ್ಗಿಸಿದಳು. ಮಗು ಡಬ್ಬ ನೋಡಿತು, ಬೂ ಇಮಾಸ್ ಅವರನ್ನು ನೋಡಿತು, ಉಸಿರೆಳೆದುಕೊಂಡು ಅಲ್ಲಿಯ ತನಕ ಅತ್ತದ್ದೆಲ್ಲ ಅಭ್ಯಾಸಕ್ಕೆ ಎನ್ನುವ ಹಾಗೆ ಅತ್ತಿತು. ಬುಟ್ಟಿಯೊಳಗಿನ ಬಲ್ಬು ಒಡೆಯಿತು. ಆಣೆ ಮಾಡಿ ಹೇಳುತ್ತೇನೆ, ನನ್ನ ಕಣ್ಣೆದುರೇ ಒಡೆಯಿತು.

ಆಮೇಲೆ ಬೂ ಇಮಾಸ್‌ಗೆ ಊಟ ಸೇರಲಿಲ್ಲ. ದಿನಾ ಸಂಜೆ ನನ್ನ ಗಾಡಿಯ ಹತ್ತಿರ ಬಂದು ಬಾಲಾಬಾಲಾ ಕೇಳುವರು, ಕೈಯಲ್ಲಿ ಹಿಡಿದುಕೊಂಡು ನಿಲ್ಲುವರು, ಆರಿದ ಮೇಲೆ ಬೆಕ್ಕಿಗೆ ಹಾಕುವರು. ಗಾಡಿಯ ಕೆಳಗಿನ ಬೆಕ್ಕು ಆ ತಿಂಗಳಲ್ಲಿ ಹಂದಿಯಷ್ಟಾಯಿತು, ಅದನ್ನು ನೋಡಿ ಬೀದಿನಾಯಿಗಳು ರಸ್ತೆ ದಾಟಿ ಹೋಗುತ್ತಿದ್ದವು.

ಒಂದು ಸಂಜೆ ಹಾಗೆ ನಿಂತಿದ್ದಾಗ ಮಾ ಓನಿ ಬಂದರು. ದಾದನ್‌ನ ತಾಯಿ, ಬಾಯಿ ಅಂದರೆ ಬಾಯಿ.

“ಬಿಸಿ ಇದ್ಯೇನೋ ಓಯೋ, ಇಲ್ಲ ನಿನ್ನ ಥರ ಆರಿ ಹೋಗಿದ್ಯಾ?”

“ನಾನು ಆರಿರೋದು ನಿಮ್ಮನ್ನ ನೋಡಿದಾಗ ಮಾತ್ರ ಮಾ. ಮೊಮ್ಮಗ ಹೇಗಿದಾನೆ?”

“ನಿನಗೆ ಕೇಳಿಸ್ತಿಲ್ವಾ? ಸೊಸೆ ದೀಪ ಹಾಕೋದೇ ಮರೆತಿರ್ಬೇಕು. ಫೋನಿಗೆ ಚಾರ್ಜು ಹಾಕೋದು ಮಾತ್ರ ಮರೆಯಲ್ಲ. ತಮ್ಮನ್ನ ನೋಡ್ಕೊಳಕ್ಕೆ ಬರ್ದಿರೋಳು ಅಣ್ಣನ್ನ ಏನು ಸಾಕ್ತಾಳೆ. ಶಾಲೆ ಸಮಾರಂಭ ಮುಗೀಲಿ, ದಾದನ್‌ಗೆ ಹೇಳಿದೀನಿ. ಮಗೂನ ನಾನು ಮೇಲಿನ ಮನೆಗೆ ಎತ್ಕೊಂಡು ಹೋಗ್ತೀನಿ. ಅವಳು ಬೇಕಾದ್ರೆ ತಾಯಿ ಮನೇಲಿ ಕೂತು ಅಳ್ಲಿ.”

“ಅವಳು ಏನಂದ್ಲು?” ಎಂದರು ಬೂ ಇಮಾಸ್. ಧ್ವನಿ ಎಲ್ಲೋ ಬಾವಿಯೊಳಗಿತ್ತು.

“ಅವಳೇನಂತಾಳೆ ಬೂ. ನನ್ನ ತಪ್ಪೇ ಇರ್ಬೇಕು ಮಾ, ಅಂತ ಅಳ್ತಾಳೆ. ಒಪ್ಕೊಂಡ್ಮೇಲೆ ಇನ್ನೇನಿದೆ.”

ಮಾ ಓನಿ ಹೋದರು. ಬೂ ಇಮಾಸ್ ಕೈಯಲ್ಲಿದ್ದ ಬಾಲಾಬಾಲಾ ಬೆರಳ ಸಂದಿಯಿಂದ ಪುಡಿಯಾಗಿ ಇಳಿಯುತ್ತಿತ್ತು.

“ಹೇಳ್ಬಿಡಿ ಬೂ,” ಎಂದೆ.

“ಏನಂತ ಹೇಳ್ಲಿ? ನಿನ್ನ ಮಗನ ತಮ್ಮನ್ನ ಸಲಿಕೇಲಿ ಕಲಸ್ಬಿಟ್ಟೆ ಅಂತ್ಲಾ? ಅದು ಹೇಳಿದ್ರೆ ಗಿಡ ಊರಿಂದ ಬಂದಿದ್ದು ಅನ್ನೋದನ್ನೂ ಹೇಳ್ಬೇಕಾಗುತ್ತೆ. ಆ ಫಲಕದಲ್ಲಿ ಮಕ್ಕಳ ಹೆಸರಿದೆ ಮಾಂಗ್.”

“ಮಕ್ಕಳ ಹೆಸರಾ, ಕುರ್ಚಿಯ ಹೆಸರಾ?”

ಅವರು ನನ್ನನ್ನು ನೋಡಿದ ರೀತಿಗೆ ಬಾಣಲೆಯ ಎಣ್ಣೆ ಕುದಿಯುವುದನ್ನು ನಿಲ್ಲಿಸಿತು. ಆಮೇಲೆ ತಲೆ ತಗ್ಗಿಸಿದರು. “ಎರಡೂ,” ಎಂದರು.

ಸಮಾರಂಭದ ದಿನ ಬಂತು. ಅಂಗಳದಲ್ಲಿ ಶಾಮಿಯಾನ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಮೇಲಿನ ಕಚೇರಿಯ ಸಾಹೇಬರು, ಬೇರೆ ಬೇರೆ ಊರುಗಳ ಮುಖ್ಯ ಶಿಕ್ಷಕರು. ಬಂದ ಪ್ರತಿ ಶಾಲೆಗೂ ನೆನಪಿಗೆ ಒಂದು ಹಸಿರು ಡಬ್ಬ ಗಿಡದ ಸಮೇತ ಕೊಡುವುದೆಂದು ಪಾ ಅಸಿಕಿನ್ ಯೋಚನೆ ಮಾಡಿದ್ದರು. ಕಡಲಿನ ಕಡೆಯವರಿಗೆ ದಾರಿ ದೂರ, ಅವರು ಮೊದಲೇ ಡಬ್ಬ ಇಸಿದುಕೊಂಡು ಹೊರಟೇಹೋದರು. ಉಳಿದವರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆಯುವುದು, ಮೈಕು ಹಿಡಿದು ಕಾರ್ಯಕ್ರಮ ನಡೆಸುವುದು ಎಲ್ಲ ಬೂ ಇಮಾಸ್.

ಮುಂದಿನ ಡಬ್ಬ ಅವರ ಕೈಗೆ ಬಂತು. ಹೆಸರು ಕರೆದರು. ಆ ಊರಿನ ಮುಖ್ಯ ಶಿಕ್ಷಕರು ನಗುನಗುತ್ತ ಮೆಟ್ಟಿಲು ಹತ್ತಿ ಕೈ ಚಾಚಿದರು. ಬೂ ಇಮಾಸ್ ಡಬ್ಬ ಬಿಡಲಿಲ್ಲ. ಅವರು ಎಳೆದರು, ಇವರು ಹಿಡಿದರು. ಸಾಲು ಮನೆಯ ಕಡೆಯಿಂದ ಅಳು ಬರುತ್ತಿತ್ತು, ಮೈಕು ಅದನ್ನೂ ಹಿಡಿದು ಶಾಮಿಯಾನದ ತುಂಬ ಹರಡುತ್ತಿತ್ತು.

“ಬೂ, ಕೊಡಿ,” ಎಂದರು ಪಾ ಅಸಿಕಿನ್ ಹಿಂದಿನಿಂದ, ಹಲ್ಲು ಕಚ್ಚಿ ನಗುತ್ತ.

“ಕೊಡಕ್ಕಾಗಲ್ಲ ಪಾ. ಇದ್ರಲ್ಲಿ ಇದಾನೋ ಏನೋ.”

“ಯಾರು?”

ಬೂ ಇಮಾಸ್ ಡಬ್ಬವನ್ನು ಎದೆಗೆ ಅವುಚಿಕೊಂಡು ಮೈಕಿನ ಕಡೆ ತಿರುಗಿದರು.

“ಈ ಗಿಡ ನಮ್ಮ ಮಕ್ಕಳು ಬೆಳೆಸಿದ್ದಲ್ಲ,” ಎಂದರು. “ಊರಿನ ಮನೆಮನೆಯಿಂದ ಕೇಳಿ ತಂದಿದ್ದು. ಎರಡು ದಿನ ಅಂತ ತಂದು ಇನ್ನೂ ವಾಪಸು ಕೊಟ್ಟಿಲ್ಲ. ರೆಸ್ತಿ ಮನೆಯಿಂದ ತಂದಿದ್ದು ಬರೀ ಗಿಡ ಅಲ್ಲ, ಮಗುವಿನ ತಮ್ಮ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಂದೆ. ನಾನು ಹೇಳಿದ ಹಾಗೆ ಮಕ್ಕಳು ಎಲ್ಲ ಮಣ್ಣೂ ಕಲಸಿದ್ರು, ಅವರದ್ದೇನೂ ತಪ್ಪಿಲ್ಲ. ರೆಸ್ತಿ ದೀಪ ಮರೆತಿಲ್ಲ. ನಾನು ಅವಳಿಗೆ ಸುಳ್ಳು ಹೇಳ್ದೆ. ಮಾ ಓನಿ, ನೀವು ಇಲ್ಲೇ ಎಲ್ಲೋ ಇದೀರ. ಬೈಯೋದಿದ್ರೆ ನನಗೆ ಬೈಯಿರಿ.”

ಶಾಮಿಯಾನದೊಳಗೆ ಬೀಸುತ್ತಿದ್ದ ಗಾಳಿಯೂ ಕುರ್ಚಿ ಎಳೆದುಕೊಂಡು ಕೂತಿತು. ಕಚೇರಿಯ ಸಾಹೇಬರು ಪಾ ಅಸಿಕಿನ್ ಕಡೆ ತಿರುಗಿದರು.

“ಹಾಗಾದ್ರೆ ಮಕ್ಕಳು ಬೆಳೆಸಿದ ಗಿಡ ಏನಾಯ್ತು?”

ಪಾ ಅಸಿಕಿನ್ ಟೋಪಿ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ಬೂ ಇಮಾಸ್ ಅವರ ಕಡೆ ನೋಡಲೇ ಇಲ್ಲ, ಟಗರಿನ ಮಾತು ಎತ್ತಲೂ ಇಲ್ಲ. ಅದೇ ಅವರಿಗೆ ಚುಚ್ಚಿರಬೇಕು.

“ಟಗರು ತಿಂತು ಸಾಹೇಬ್ರೆ,” ಎಂದರು ಮೆಲ್ಲಗೆ. “ನನ್ನ ಟಗರು.”

ಶಾಲೆಯ ಹಿಂದಿನಿಂದ ಸಿ ಗುಂತುರ್ ಒಂದು ಸಲ ಕೂಗಿತು. ಹೌದು ಎಂದಿತೋ, ಇಲ್ಲ ಎಂದಿತೋ, ಅದರ ಭಾಷೆ ನನಗೆ ಬರುವುದಿಲ್ಲ.

ಮಾ ಓನಿ ಹಿಂದಿನ ಸಾಲಿನಿಂದ ಎದ್ದು ಬಂದರು. ಈಗ ಬೂ ಇಮಾಸ್ ತಲೆಯ ಮೇಲೆ ಏನು ಸುರಿಯುತ್ತದೋ ಎಂದು ನಾನು ಗಾಡಿಯ ಹಿಂದೆ ಕೂತೆ. ಅವರು ವೇದಿಕೆ ಹತ್ತಿ, ತಮ್ಮ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬೂ ಇಮಾಸ್ ಎದುರು ಹಾಸಿದರು.

“ಬೈಗುಳ ಎಲ್ಲಾ ಸೊಸೆ ಮೇಲೆ ಖರ್ಚು ಮಾಡ್ಬಿಟ್ಟಿದೀನಿ ಬೂ, ನಿಮಗೆ ಉಳ್ದಿಲ್ಲ. ಯಾವ ಡಬ್ಬದಲ್ಲಿದಾನೆ ಗೊತ್ತಿಲ್ಲ ಅಂದ್ರೆ ಎಲ್ಲಾ ಡಬ್ಬದಲ್ಲೂ ಇದಾನೆ. ಒಂದೊಂದರಿಂದ ಒಂದೊಂದು ಚಿಟಿಕೆ ಹಾಕಿ ಇದಕ್ಕೆ.”

ಅವತ್ತು ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲದ ಕಾರ್ಯಕ್ರಮ ನಡೆಯಿತು. ಬೂ ಇಮಾಸ್ ಸೀರೆಯಂಥ ಉದ್ದ ಲಂಗ ಮಣ್ಣಿಗೆ ತಾಗಿಸಿಕೊಂಡು ಮಂಡಿಯೂರಿ ಡಬ್ಬದಿಂದ ಡಬ್ಬಕ್ಕೆ ಹೋದರು. ಜನ ಎದ್ದು ಬಂದರು. ಬೇರೆ ಊರುಗಳ ಮುಖ್ಯ ಶಿಕ್ಷಕರು ತಮಗೆ ಸಿಕ್ಕ ಡಬ್ಬಗಳನ್ನು ತಾವೇ ಹಿಡಿದು ತಂದು ಬಗ್ಗಿ ನಿಂತರು. ಪಾ ಅಸಿಕಿನ್ ಔಷಧಿ ಗಿಡಗಳ ಸಾಲನ್ನು ತೆಗೆದುಕೊಂಡರು, ಬೆನ್ನು ನೋವು ಎಂದರೂ ಬಿಡಲಿಲ್ಲ. ಮಾ ಓನಿಯ ಬಟ್ಟೆ ತುಂಬಿತು. ಅದನ್ನು ಗಂಟು ಕಟ್ಟಿ ನನ್ನ ಗಾಡಿಯಲ್ಲಿಟ್ಟು, ಇಡೀ ಸಮಾರಂಭ ಹಿಂದೆ ಹಿಂದೆ ಬರುತ್ತಿರಲು, ಸಾಲು ಮನೆಗೆ ಹೊರಟೆವು.

ರೆಸ್ತಿ ಬಾಗಿಲಲ್ಲೇ ನಿಂತಿದ್ದಳು. ಮೈಕಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದಳು. ಬೂ ಇಮಾಸ್ ಅವಳ ಎದುರು ನಿಂತರು.

“ಅವತ್ತು ಕೇಳಿದ್ನಲ್ಲ ಬೂ, ಮಣ್ಣು ಅದೇ ತಾನೆ ಅಂತ,” ಎಂದಳು ರೆಸ್ತಿ.

“ಹೂಂ.”

“ನೀವು ಹೂಂ ಅಂದ್ರಿ. ನಾನು ನನ್ನನ್ನೇ ಬೈಕೊಂಡು ಮಲಗ್ತಿದ್ದೆ.”

ಅಷ್ಟೇ ಹೇಳಿದ್ದು. ಕೋಪ ಮಾಡಿದ್ದರೆ ಬೂ ಇಮಾಸ್‌ಗೆ ಹಗುರಾಗುತ್ತಿತ್ತು. ದಾದನ್ ಹೊಸ ಕುಂಡ ತಂದ, ಗಂಟು ಬಿಚ್ಚಿ ಮಣ್ಣು ಸುರಿದರು, ಹಂದೆಲುಮ್ ನೆಟ್ಟರು. ರೆಸ್ತಿ ಹೊಸ ಬಲ್ಬು ಹಾಕಿದಳು. ಮಗು ಅಳು ನಿಲ್ಲಿಸಿತು.

ಎಂಥ ನಿಶ್ಶಬ್ದ ಅಂತೀರಿ. ಕಣಿವೆಗೆಲ್ಲ ಕಿವಿಯ ಹತ್ತಿ ತೆಗೆದ ಹಾಗಾಯಿತು. ಮೀನುಗಳು ಕೆಸರಿನಿಂದ ತಲೆ ಎತ್ತಿದವು, ಎರಡು ಮೂರು ಆಕಳಿಸಿದ್ದನ್ನೂ ನಾನು ನೋಡಿದೆ. ಹುಂಜಗಳು ಬಾಕಿ ಉಳಿದಿದ್ದ ಬೆಳಗುಗಳನ್ನೆಲ್ಲ ಅದೇ ಮಧ್ಯಾಹ್ನ ಕೂಗಿ ಮುಗಿಸಿದವು.

ಫಲಕ ಹೋಯಿತು. ಬಾಗಿಲ ಮೇಲೆ ಮೊಳೆ ಮಾತ್ರ ಉಳಿದಿದೆ, ಅದಕ್ಕೆ ಪಾ ಅಸಿಕಿನ್ ಟೋಪಿ ಸಿಕ್ಕಿಸುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಪೇಟೆಯಿಂದ ಬೇರೆ ಯಾರೋ ಬಂದರು. ಬೂ ಇಮಾಸ್ ಇನ್ನೂ ಉಪಮುಖ್ಯ ಶಿಕ್ಷಕಿಯೇ. ಊರವರು ಡಬ್ಬಗಳನ್ನು ವಾಪಸು ತೆಗೆದುಕೊಂಡು ಹೋದರು, ಯಾರಿಗೆ ಯಾವುದು ಎಂದು ಜಗಳವಾಡದೆ. ಎಲ್ಲರ ಜಗುಲಿಯಲ್ಲೂ ಈಗ ಸಂಜೆಯಾದರೆ ಚಿಕ್ಕ ಬಲ್ಬು ಉರಿಯುತ್ತದೆ. ಯಾರ ಡಬ್ಬದಲ್ಲಿ ಎಷ್ಟು ಇದ್ದಾನೋ ಯಾರು ಕಂಡರು.

ಬೂ ಇಮಾಸ್ ದಿನಾ ಶಾಲೆ ಬಿಟ್ಟ ಮೇಲೆ ಸಾಲು ಮನೆಗೆ ಹೋಗಿ ಆ ಕುಂಡಕ್ಕೆ ನೀರು ಹಾಕುತ್ತಾರೆ. ಗಿಲಂಗ್‌ಗೆ ಈಗ ಮಾತು ಬರುತ್ತದೆ, ಅವರ ಲಂಗ ಹಿಡಿದುಕೊಂಡು ಓಡಾಡುತ್ತಾನೆ. ರೆಸ್ತಿ ಚಹಾ ಕೊಡುತ್ತಾಳೆ. ಕೊಡುತ್ತಾಳೆ, ಆದರೆ ಮೊದಲಿನ ಹಾಗೆ ಪಕ್ಕದಲ್ಲಿ ಕೂರುವುದಿಲ್ಲ. ಅಲ್ಲಿಂದ ಅವರು ನನ್ನ ಗಾಡಿಯ ಹತ್ತಿರ ಬರುತ್ತಾರೆ.

“ಪೂರ್ತಿ ಬಂದಿದಾನಾ ಮಾಂಗ್?” ಎಂದು ಕೇಳುತ್ತಾರೆ, ದಿನಾ.

“ಬಂದಿದಾನೆ ಬೂ. ಬಾಲಾಬಾಲಾ ತಿನ್ನಿ.”

ನಾನು ಹಾಗೆ ಹೇಳುವುದು ಅವರು ತಿನ್ನಲಿ ಎಂದು. ಪೂರ್ತಿ ಬಂದಿಲ್ಲ, ನನಗೂ ಗೊತ್ತು, ಅವರಿಗೂ ಗೊತ್ತು. ಸೂರ್ಯ ಇಳಿಯುವ ಹೊತ್ತಿಗೆ ಗಿಲಂಗ್ ಆಟ ನಿಲ್ಲಿಸಿ, ನಿಮ್ಮ ವ್ಯಾನು ಇಳಿದು ಹೋಗುವ ಆ ರಸ್ತೆಯ ಕಡೆ ಮುಖ ಮಾಡಿ, ಸ್ವಲ್ಪ ಹೊತ್ತು ಮುಸುಮುಸು ಅಳುತ್ತಾನೆ. ಅವತ್ತು ಬೂ ಇಮಾಸ್ ಮೈಕಿನಲ್ಲಿ ಬಾಯಿ ತೆರೆಯುವ ಮೊದಲೇ ಹೊರಟುಹೋದರಲ್ಲ, ಕಡಲಿನ ಕಡೆಯವರು, ಡಬ್ಬಗಳನ್ನು ಮಡಿಲಲ್ಲಿಟ್ಟುಕೊಂಡು. ಬೂ ಇಮಾಸ್ ತಾವೇ ಹೋಗಿ ಕೇಳಿದರು. ನೆನಪಿನ ಕಾಣಿಕೆ, ಕೊಡುವುದಿಲ್ಲ, ನಮಗೂ ಈ ವರ್ಷ ತೀರ್ಪುಗಾರರು ಬರುವವರಿದ್ದಾರೆ, ಎಂದರಂತೆ ಅಲ್ಲಿಯ ಮುಖ್ಯ ಶಿಕ್ಷಕರು.

ಓ, ನಿಮ್ಮ ವ್ಯಾನು ತುಂಬಿತು. ಏಳಿ, ಏಳಿ. ಆ ಬಾಲಾಬಾಲಾ ಕಟ್ಟಿದ ಬಾಳೆ ಎಲೆಯನ್ನು ಮಾತ್ರ ಬಿಸಾಡಬೇಡಿ. ನೀವು ಕಡಲಿನ ಕಡೆಗೆ ತಾನೆ ಹೊರಟಿರುವುದು? ಇಳಿಯುವ ಜಾಗದಲ್ಲೇ ಶಾಲೆ ಇದೆ, ಗೇಟಿನ ಪಕ್ಕದಲ್ಲೇ ಹಸಿರು ಡಬ್ಬ, ಅದರಲ್ಲಿ ಲಿಂಬೆಹುಲ್ಲು. ಕಾವಲುಗಾರ ಮಧ್ಯಾಹ್ನ ನಿದ್ದೆ ಮಾಡುತ್ತಾನೆ, ಅದನ್ನೂ ವಿಚಾರಿಸಿದ್ದೇನೆ. ಒಂದೇ ಚಿಟಿಕೆ ಸಾಕು. ಎಲೆಯಲ್ಲಿ ಕಟ್ಟಿ ಇದೇ ಡ್ರೈವರ್ ಕೈಗೆ ಕೊಟ್ಟು ಕಳಿಸಿ, ಅವನಿಗೆ ಗೊತ್ತು. ಯಾಕೆ ಹಾಗೆ ನೋಡುತ್ತೀರಿ? ನನ್ನ ಕೈಯಿಂದ ತಿಂದಿದ್ದೀರಿ, ಕಥೆಯನ್ನೂ ಪೂರ್ತಿ ಕೇಳಿದ್ದೀರಿ. ಈಗ ನಿಮಗೂ ಗೊತ್ತು. ಗೊತ್ತಿದ್ದೂ ಸುಮ್ಮನೆ ಹೋಗಿಬಿಟ್ಟರೆ, ನಾಳೆಯಿಂದ ನಿಮಗೂ ಊಟ ಸೇರುತ್ತದೆಯೇ ಹೇಳಿ.